ಬನ್ನೇರುಘಟ್ಟದ ಕಾಡಂಚಿನಲ್ಲಿ

ಬೆಂಗಳೂರಿನ ದಕ್ಷಿಣ ಬಡಾವಣೆಗಳಲ್ಲಿ, ಅಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ ಮೊದಲಾದೆಡೆ ನೆಲೆಸಿರುವ ನಮ್ಮ ಕುಟುಂಬಗಳಿಗೆ ಬೇಸಿಗೆಯ ರಜೆ ಬಂದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ. ಊರಿನಿಂದ ಬಂದ ನೆಂಟರಿಷ್ಟರ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? ಲಾಲ್‌ಬಾಗ್ ಒಂದು ಬೆಳಗಿಗೆ ಮುಗಿಯುತ್ತದೆ. ಅಂಗಡಿಗಳ ಬಹುಮಹಡಿ ಕಟ್ಟಡಗಳು ಮಕ್ಕಳಿಗಿಂತ ಹೆಚ್ಚಾಗಿ ಹಿರಿಯರ ಕಿಸೆಯನ್ನು ಹಗುರ ಮಾಡುತ್ತವೆ. ಕೊನೆಗೆ ಎಲ್ಲರ ಬಾಯಲ್ಲೂ ಬರುವ ಹೆಸರು ಬನ್ನೇರುಘಟ್ಟ. ಕಳೆದ ವರ್ಷ ಜಯನಗರದ ಭಕ್ತರೊಬ್ಬರ ಮನೆಯಲ್ಲಿ ಕೆಲವು ದಿನ ತಂಗಿದ್ದಾಗ, ಅವರ ಮೊಮ್ಮಕ್ಕಳು ಮತ್ತು ಹುಬ್ಬಳ್ಳಿಯ ಕಡೆಯಿಂದ ಬಂದಿದ್ದ ಮೂವರು ಮಕ್ಕಳೊಡನೆ ಅಲ್ಲಿಗೆ ಹೋಗುವ ಸುಯೋಗ ನನಗೂ ಒದಗಿತು. ಆ ಪ್ರವಾಸದಲ್ಲಿ ಕಂಡದ್ದನ್ನೂ ಆ ಸ್ಥಳದ ಬಗೆಗೆ ತಿಳಿದಿರುವುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ನಗರದ ನಡುಭಾಗದಿಂದ ಬನ್ನೇರುಘಟ್ಟಕ್ಕೆ ಸುಮಾರು 22 ಕಿಲೋಮೀಟರ್ ದೂರ. ಡೇರಿ ವೃತ್ತವನ್ನು ದಾಟಿ, ಜಯದೇವ ಹೃದ್ರೋಗ ಆಸ್ಪತ್ರೆಯನ್ನು ಹಾದು, ಅರೆಕೆರೆ, ಹುಳಿಮಾವು, ಗೊಟ್ಟಿಗೆರೆಗಳ ಮೂಲಕ ರಸ್ತೆ ಸಾಗುತ್ತದೆ. ಈ ಹೆಸರುಗಳನ್ನೇ ಗಮನಿಸಿರಿ. ಕೆರೆಯ ಹೆಸರು, ಮರದ ಹೆಸರು, ಮತ್ತೆ ಕೆರೆಯ ಹೆಸರು. ಒಂದು ಕಾಲದಲ್ಲಿ ಇವೆಲ್ಲ ರಾಗಿ, ಅವರೆ ಬೆಳೆಯುತ್ತಿದ್ದ ಹಳ್ಳಿಗಳು. ಇಂದು ಅವುಗಳ ನಡುವೆ ಒಂದು ಮಾರು ಬಯಲನ್ನೂ ಹುಡುಕಬೇಕಾಗಿದೆ. ಗೊಟ್ಟಿಗೆರೆ ಕಳೆದ ಮೇಲೆಯೇ ದಿಗಂತದಲ್ಲಿ ಬಂಡೆಗಲ್ಲಿನ ಬೆಟ್ಟಗಳು ತಲೆಯೆತ್ತುತ್ತವೆ. ಊರಿನಲ್ಲಿ ಚಂಪಕಧಾಮ ಸ್ವಾಮಿಯ ಪುರಾತನ ದೇವಾಲಯವಿದ್ದು, ಅದರ ಬಳಿಯ ಬೆಟ್ಟವನ್ನು ಹತ್ತಿದವರಿಗೆ ಒಂದು ಕಡೆ ನಗರದ ಬಿಳಿಯ ಕಟ್ಟಡಗಳೂ ಇನ್ನೊಂದು ಕಡೆ ಕಡುಹಸಿರು ಕಾಡೂ ಒಟ್ಟಿಗೇ ಕಾಣಿಸುತ್ತವೆ. ಎರಡರ ನಡುವಿನ ಗೆರೆ ಎಷ್ಟು ತೆಳುವಾಗಿದೆ ಎಂಬುದು ಅಲ್ಲಿಂದ ಚೆನ್ನಾಗಿ ತಿಳಿಯುತ್ತದೆ.

ಪ್ರಾಣಿಗಳನ್ನು ನೋಡಿ ಮನರಂಜನೆ ಪಡೆಯುವ ಪರಿಪಾಠ ನಮ್ಮ ನಾಡಿಗೆ ಹೊಸದಲ್ಲ. ಲಾಲ್‌ಬಾಗಿನಲ್ಲಿಯೇ 19ನೆಯ ಶತಮಾನದಲ್ಲಿ ಒಂದು ಸಣ್ಣ ಪ್ರಾಣಿಸಂಗ್ರಹವಿತ್ತು ಎಂದರೆ ಇಂದಿನ ಅನೇಕರಿಗೆ ಆಶ್ಚರ್ಯವಾದೀತು. ಅದು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮುಚ್ಚಿಹೋಯಿತು. ಅಲ್ಲಿ ಉಳಿದಿರುವ ಪಾರಿವಾಳದ ಗೂಡಿನ ಕಟ್ಟಡ ಆ ಕಾಲವನ್ನು ನೆನಪಿಸುತ್ತದೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿ ಸ್ಥಾಪಿಸಿದ ಮೃಗಾಲಯವಂತೂ ಲೋಕಪ್ರಸಿದ್ಧ. ಬನ್ನೇರುಘಟ್ಟದ್ದು ಇವುಗಳಿಗಿಂತ ಬೇರೆಯಾದ ಕಥೆ. 1970ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆಯವರು ಕಾಡಿನ ಮಗ್ಗುಲಲ್ಲಿ ವಿಹಾರಕ್ಕೆ ಬರುವವರಿಗಾಗಿ ಒಂದು ಸಣ್ಣ ಮೃಗಾಲಯವನ್ನು ತೆರೆದರು. 1974ರಲ್ಲಿ ಆನೇಕಲ್ ಭಾಗದ ಮೀಸಲು ಅರಣ್ಯಗಳನ್ನು ಕೂಡಿಸಿ ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. 2002ರಲ್ಲಿ ಪ್ರವಾಸಿಗರು ಓಡಾಡುವ ಭಾಗವನ್ನು ರಾಷ್ಟ್ರೀಯ ಉದ್ಯಾನದಿಂದ ಬೇರ್ಪಡಿಸಿ, ಜೈವಿಕ ಉದ್ಯಾನವೆಂಬ ಹೆಸರಿನಿಂದ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತಕ್ಕೆ ಒಪ್ಪಿಸಿದರು. ಇದರ ವಿಸ್ತೀರ್ಣ 731.88 ಹೆಕ್ಟೇರು. ಅದರ ಬೆನ್ನಿಗೇ 260 ಚದರ ಕಿಲೋಮೀಟರುಗಳಷ್ಟು ನಿಜವಾದ ಕಾಡು ಹಬ್ಬಿದೆ. ಹೀಗೆ ಒಂದು ಮಹಾನಗರದ ಬಾಗಿಲಲ್ಲೇ ಆನೆಗಳು ಸ್ವತಂತ್ರವಾಗಿ ಸಂಚರಿಸುವ ಅರಣ್ಯವಿರುವುದು ಜಗತ್ತಿನಲ್ಲಿ ಬಹು ಅಪರೂಪದ ಸಂಗತಿ.

ನಮ್ಮ ಜೊತೆಗಿದ್ದ ಹುಬ್ಬಳ್ಳಿಯ ಬಾಲಕನಿಗೆ ಮೊದಲಿಗೆ ಕೊಂಚ ನಿರಾಶೆಯಾಯಿತು. ಜಾತ್ರೆಯಲ್ಲಿ ಕಾಣುವಂಥ ಎತ್ತರದ ರಾಟವಾಳ, ಮರದ ಕುದುರೆ, ಆನೆಯ ಆಕಾರದ ತಿರುಗುವ ಗಾಡಿ ಇವೆಲ್ಲ ಇಲ್ಲಿ ಇರುತ್ತವೆಂದು ಅವನು ಊಹಿಸಿದ್ದ. ಇಲ್ಲಿನ ಮುಖ್ಯ ಸವಾರಿ ಎಂದರೆ ಸಫಾರಿ. ಕಿಟಕಿಗಳಿಗೆ ಬಲವಾದ ಜಾಲರಿ ಹೊದಿಸಿದ ಬಸ್ಸಿನಲ್ಲಿ ನಮ್ಮನ್ನು ಕೂರಿಸಿ ಪ್ರಾಣಿಗಳ ಆವರಣದೊಳಕ್ಕೆ ಕರೆದೊಯ್ಯುತ್ತಾರೆ. ಹಳೆಯ ಮೃಗಾಲಯಗಳಲ್ಲಿ ಪ್ರಾಣಿ ಪಂಜರದಲ್ಲಿರುತ್ತಿತ್ತು, ಮನುಷ್ಯ ಹೊರಗಿರುತ್ತಿದ್ದ. ಇಲ್ಲಿ ಮನುಷ್ಯನೇ ಪಂಜರದಲ್ಲಿ. ಇದನ್ನು ಹೇಳಿದಾಗ ಮಕ್ಕಳು ಬಹಳ ನಕ್ಕರು. ಬಯಲು ಆವರಣದ ಈ ಕಲ್ಪನೆಗೆ ಅಡಿಪಾಯ ಹಾಕಿದವನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ. ಅವನು 1907ರಲ್ಲಿ ಹ್ಯಾಂಬರ್ಗ್ ನಗರದ ಬಳಿ ಕಂಬಿಗಳ ಬದಲು ಆಳವಾದ ಕಂದಕಗಳನ್ನು ತೋಡಿ ಸಿಂಹಗಳನ್ನು ಬಯಲಿನಲ್ಲಿ ಇರಿಸಿದ.

ಸಫಾರಿಯ ದ್ವಾರಗಳ ವ್ಯವಸ್ಥೆ ನೋಡತಕ್ಕದ್ದು. ಪ್ರತಿಯೊಂದು ಆವರಣಕ್ಕೂ ಒಂದರ ಹಿಂದೆ ಒಂದರಂತೆ ಎರಡು ಬಾಗಿಲುಗಳು. ಮೊದಲನೆಯದು ತೆರೆದು ಬಸ್ಸು ಒಳಬಂದು, ಅದು ಮುಚ್ಚಿದ ಮೇಲೆಯೇ ಎರಡನೆಯದು ತೆರೆಯುತ್ತದೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದ ನಮ್ಮ ಗುರುಗಳು ಒಂದು ಸೂತ್ರ ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗಗೊಡುತ್ತಿರಲಿಲ್ಲ. ಅದೇ ಬಗೆಯ ಶಿಸ್ತು. ಮೊದಲು ಜಿಂಕೆ, ಕಡವೆ, ಕಾಟಿಗಳಂಥ ಸಸ್ಯಾಹಾರಿಗಳು, ಆಮೇಲೆ ಕರಡಿ, ಸಿಂಹ, ಹುಲಿ ಹೀಗೆ ನೋಟ ಬದಲಾಗುತ್ತ ಹೋಗುತ್ತದೆ. 2024ರ ಜೂನ್ ತಿಂಗಳಲ್ಲಿ 20 ಹೆಕ್ಟೇರು ಪ್ರದೇಶದಲ್ಲಿ ಚಿರತೆಗಳ ಸಫಾರಿಯನ್ನೂ ಆರಂಭಿಸಿದ್ದಾರೆ. ಹುಲಿ ಸಿಂಹಗಳಿಗೆ ಬೇಲಿ ಸಾಕು. ಚಿರತೆ ಮರವೇರುವ, ಗೋಡೆ ಹಾರುವ ಜೀವಿಯಾದುದರಿಂದ ಎತ್ತರದ ಜಾಲರಿಯ ತುದಿಯಲ್ಲಿ ಓರೆಯಾದ ತಗಡನ್ನು ಕೂರಿಸಬೇಕಾಯಿತು. ಇಲ್ಲಿ ಬೆಳೆದ ಚಿರತೆಗಳಲ್ಲಿ ಹಲವು ಕಬ್ಬಿನ ಗದ್ದೆಗಳಲ್ಲಿ, ಹಳ್ಳಿಯಂಚಿನ ಪೊದೆಗಳಲ್ಲಿ ತಾಯಿಯಿಂದ ಅಗಲಿ ಸಿಕ್ಕ ಮರಿಗಳು.

ಆ ಚಿರತೆಯ ಆವರಣದಲ್ಲಿ ನಡೆದ ಒಂದು ಘಟನೆಯನ್ನು ತಾಯಂದಿರು ತಿಳಿದಿರುವುದು ಒಳಿತು. 2025ರ ಆಗಸ್ಟ್ ತಿಂಗಳಲ್ಲಿ ಸಫಾರಿ ವಾಹನದ ಕಿಟಕಿಯ ಸಂದಿಯಿಂದ ಚಿರತೆಯೊಂದು ಬಾಲಕನೊಬ್ಬನ ಕೈಯನ್ನು ಪರಚಿ ಗಾಯಗೊಳಿಸಿತು. ದೈವಕೃಪೆಯಿಂದ ಪ್ರಾಣಾಪಾಯವಾಗಲಿಲ್ಲ. ಆವರಣ ಎಷ್ಟೇ ಹಸಿರಾಗಿದ್ದರೂ, ಪ್ರಾಣಿ ಎಷ್ಟೇ ಸೋಮಾರಿಯಾಗಿ ಬಿಸಿಲಿನಲ್ಲಿ ಮಲಗಿದ್ದರೂ ಅದು ಕಾಡುಪ್ರಾಣಿಯೇ. ನಮ್ಮ ಬಸ್ಸಿನಲ್ಲಿ ಒಬ್ಬ ಗೃಹಸ್ಥರು ಛಾಯಾಚಿತ್ರಕ್ಕಾಗಿ ಮೊಬೈಲನ್ನು ಜಾಲರಿಗೆ ತಾಗಿಸಿ ಹಿಡಿದು, ಮಗುವಿಗೂ ಹಾಗೆಯೇ ಮಾಡಲು ಹೇಳುತ್ತಿದ್ದರು. ಚಾಲಕರು ಎರಡು ಬಾರಿ ಗದರಿಸಬೇಕಾಯಿತು. ವಿದ್ಯಾವಂತರೆನಿಸಿಕೊಂಡವರೇ ಹೀಗೆ ಮಾಡಿದರೆ ಏನೆನ್ನೋಣ!

ಬಿಳಿಯ ಹುಲಿಯನ್ನು ಕಂಡಾಗ ಇಡೀ ಬಸ್ಸು ಉದ್ಗರಿಸಿತು. ಅದು ಬೇರೆಯೇ ಒಂದು ಜಾತಿಯೆಂದೂ, ಹಿಮಾಲಯದಿಂದ ಬಂದದ್ದೆಂದೂ ಹಲವರು ನಂಬಿದ್ದಾರೆ. ಹಾಗಲ್ಲ. ಅದೂ ನಮ್ಮ ಹುಲಿಯೇ. ಬಣ್ಣವನ್ನು ನಿರ್ಧರಿಸುವ ವಂಶವಾಹಿಯ ಒಂದು ವ್ಯತ್ಯಾಸದಿಂದ ಬಿಳಿಯಾಗಿ ಹುಟ್ಟುತ್ತದೆ. ಮಧ್ಯಭಾರತದ ರೀವಾ ಸಂಸ್ಥಾನದ ಅರಸರು 1951ರಲ್ಲಿ ಮೋಹನ್ ಎಂಬ ಬಿಳಿಯ ಮರಿಯನ್ನು ಹಿಡಿಸಿದರು. ಇಂದು ಮೃಗಾಲಯಗಳಲ್ಲಿರುವ ಬಿಳಿ ಹುಲಿಗಳ ವಂಶಾವಳಿ ಬಹುಪಾಲು ಅವನಿಗೇ ಹೋಗಿ ಮುಟ್ಟುತ್ತದೆ. ಬಿಳಿಯ ಬಣ್ಣ ಉಳಿಯಲೆಂದು ರಕ್ತಸಂಬಂಧಿಗಳ ನಡುವೆಯೇ ಸಂತಾನ ಬೆಳೆಸಿದ ಕಾರಣ ಈ ಪೀಳಿಗೆಯಲ್ಲಿ ಅನೇಕ ಹುಟ್ಟುದೋಷಗಳು ಕಂಡುಬಂದಿವೆ. ನೋಡುಗರ ಕುತೂಹಲಕ್ಕೆ ಪ್ರಾಣಿ ತೆತ್ತ ಬೆಲೆ ಇದು. ಸಿಂಹಗಳ ವಿಷಯದಲ್ಲೂ ಹೀಗೆಯೇ ಆಗಿತ್ತು. ಸರ್ಕಸ್ ಕಂಪನಿಗಳು ಆಫ್ರಿಕಾದ ಸಿಂಹಗಳನ್ನೂ ಗುಜರಾತಿನ ಗಿರ್ ಸಿಂಹಗಳನ್ನೂ ಬೆರೆಸಿ ಮಿಶ್ರತಳಿಯನ್ನು ಹಬ್ಬಿಸಿದ್ದವು. ಅಂಥವುಗಳ ಸಂತಾನ ಬೆಳೆಸುವುದನ್ನು ಮೃಗಾಲಯಗಳು ಈಗ ನಿಲ್ಲಿಸಿವೆ. ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳನ್ನು ಸರ್ಕಸ್ಸಿನಲ್ಲಿ ಆಡಿಸಕೂಡದೆಂದು ಕೇಂದ್ರ ಸರ್ಕಾರ 1998ರಲ್ಲಿ ಆಜ್ಞೆ ಹೊರಡಿಸಿತು. ಆ ಬಳಿಕ ಸರ್ಕಸ್ಸುಗಳಿಂದ ಬಿಡಿಸಿ ತಂದ ಎಷ್ಟೋ ಹುಲಿ ಸಿಂಹಗಳು ತಮ್ಮ ಮುಪ್ಪನ್ನು ಕಳೆದದ್ದು ಇದೇ ಬನ್ನೇರುಘಟ್ಟದಲ್ಲಿ.

ಆದರೆ ನನ್ನ ಮನಸ್ಸು ನಿಂತದ್ದು ಕರಡಿಗಳ ಬಳಿ.

ಕರಡಿ ಎಂದರೆ ಉತ್ತರ ಕರ್ನಾಟಕದವರಿಗೆ ಎರಡು ಅರ್ಥ. ಒಂದು, ಕಾಡಿನ ಪ್ರಾಣಿ. ಇನ್ನೊಂದು, ಜಾತ್ರೆ ಉತ್ಸವಗಳಲ್ಲಿ, ಸ್ವಾಮಿಗಳ ಅಡ್ಡಪಲ್ಲಕ್ಕಿಯ ಮುಂದೆ ನುಡಿಸುವ ಚರ್ಮವಾದ್ಯ. ಕರಡಿ ಮಜಲು ಎಂದರೆ ತಿಳಿಯದವರಿಲ್ಲ. ನನ್ನ ಬಾಲ್ಯದಲ್ಲಿ ನಾವಿದ್ದ ಮಠದ ಬೀದಿಗೆ ಈ ಎರಡೂ ಕರಡಿಗಳು ಬರುತ್ತಿದ್ದವು. ವಾದ್ಯದ ಕರಡಿ ವರ್ಷಕ್ಕೊಮ್ಮೆ ಜಾತ್ರೆಗೆ. ಜೀವಂತ ಕರಡಿ ಸುಗ್ಗಿಯ ದಿನಗಳಲ್ಲಿ. ಅದನ್ನು ಆಡಿಸುವವನ ಕೈಯಲ್ಲಿ ಒಂದು ಬುಡಬುಡಿಕೆ, ಇನ್ನೊಂದು ಕೈಯಲ್ಲಿ ಹಗ್ಗ. ಆ ಹಗ್ಗದ ತುದಿ ಕರಡಿಯ ಮೂತಿಯೊಳಗೆ ಹಾಯ್ದಿರುತ್ತಿತ್ತು. ಹಗ್ಗ ಜಗ್ಗಿದಾಗಲೆಲ್ಲ ಅದು ಹಿಂಗಾಲಿನ ಮೇಲೆ ನಿಂತು ತೂಗಾಡುತ್ತಿತ್ತು. ನಾವು ಅದನ್ನೇ ಕುಣಿತ ಎನ್ನುತ್ತಿದ್ದೆವು. ಮಕ್ಕಳ ಭಯ ಬಿಡಿಸಲೆಂದು ಅವರನ್ನು ಕರಡಿಯ ಬೆನ್ನಿನ ಮೇಲೆ ಕೂರಿಸಿ ನಾಲ್ಕು ಹೆಜ್ಜೆ ನಡೆಸುವ ವಾಡಿಕೆಯಿತ್ತು. ಅದರ ಒಂದು ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುವುದೂ ಇತ್ತು. ನನ್ನನ್ನೂ ನಮ್ಮ ಅಜ್ಜಿ ಹಾಗೆ ಕೂರಿಸಿದ್ದರು. ಒರಟಾದ ಕೂದಲು, ಅದರ ಅಡಿಯಲ್ಲಿ ಬೆಂಕಿಯಂಥ ಮೈಬಿಸಿ, ಮುಂದೆ ಆ ಹಗ್ಗ: ಅರುವತ್ತು ವರ್ಷಗಳಾದರೂ ಮರೆಯುವಂಥದಲ್ಲ.

ಆ ಕುಣಿತದ ಹಿಂದೆ ಏನಿತ್ತೆಂಬುದು ನಮಗಾರಿಗೂ ಆಗ ತಿಳಿಸಿದವರಿಲ್ಲ. ತಾಯಿಯನ್ನು ಕೊಂದೋ ಬೆದರಿಸಿಯೋ ಮರಿಯನ್ನು ಕದಿಯುತ್ತಿದ್ದರು. ಅದು ಎಳೆಯದಾಗಿರುವಾಗಲೇ ಕಾಯಿಸಿದ ಸಲಾಕೆಯಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಕಚ್ಚದಂತೆ ಹಲ್ಲುಗಳನ್ನು ಮುರಿಯುತ್ತಿದ್ದರು. ನೋವಿನ ನೆನಪಿನಿಂದಲೇ ಅದು ಎದ್ದು ನಿಲ್ಲುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ದಶಕಗಳ ಕಾಲ ಈ ಆಟ ನಿಲ್ಲಲಿಲ್ಲ. ಏಕೆಂದರೆ ಕರಡಿ ಆಡಿಸುವ ಕಲಂದರ್ ಜನರಿಗೆ ಬೇರೆ ಅನ್ನದ ದಾರಿಯಿರಲಿಲ್ಲ. ಹಿಡಿದು ಸೆರೆಮನೆಗೆ ಹಾಕಿದರೆ ಒಂದು ಕುಟುಂಬ ಉಪವಾಸ ಬೀಳುತ್ತದೆ. ಬಿಟ್ಟರೆ ಇನ್ನೊಂದು ಮರಿ ಕಾಡಿನಿಂದ ಬರುತ್ತದೆ. ಈ ಗಂಟನ್ನು ಬಿಡಿಸಿದ್ದು ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸ್ವಯಂಸೇವಾ ಸಂಸ್ಥೆ. ಕರಡಿಯನ್ನು ಒಪ್ಪಿಸಿದ ಕುಟುಂಬಕ್ಕೆ ಬೇರೊಂದು ಸಣ್ಣ ಕಸುಬು ಹಿಡಿಯಲು ಹಣ, ಮಕ್ಕಳಿಗೆ ಶಾಲೆ. ಕರಡಿಗೆ ಬಯಲು, ಮರ, ಕೊಳ, ಚಿಕಿತ್ಸೆ. ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರ ಹೀಗೆ ಬೆಳೆಯಿತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯ ಮೂತಿಯ ಹಗ್ಗವನ್ನು ಇಲ್ಲಿಯೇ ಬಿಚ್ಚಲಾಯಿತು. ಭಾರತದ ಬೀದಿಗಳಲ್ಲಿ ಕುಣಿಯುತ್ತಿದ್ದ ಕೊನೆಯ ಕರಡಿ ಅದೇ ಎಂದು ಆಗ ಸಾರಲಾಯಿತು. ಶತಮಾನಗಳ ಒಂದು ಪದ್ಧತಿ ನಮ್ಮ ಕಣ್ಣಮುಂದೆಯೇ, ನಮ್ಮ ನಾಡಿನ ನೆಲದಲ್ಲೇ ಮುಗಿದದ್ದು ಸಣ್ಣ ಮಾತಲ್ಲ. ಅದರಲ್ಲೂ ಕಸುಬು ಕಳೆದುಕೊಂಡ ಬಡವನನ್ನು ಬೀದಿಗೆ ತಳ್ಳದೆ ಮುಗಿದದ್ದು ನನಗೆ ಹೆಚ್ಚು ಸಂತೋಷ ತಂದಿತು.

ಸಫಾರಿಯಲ್ಲಿ ನಾವು ಕಂಡ ಕರಡಿಯೊಂದು ಹುತ್ತದಂಥ ಮಣ್ಣಿನ ದಿಬ್ಬವನ್ನು ಕೆದಕಿ, ಮೂತಿಯಿಟ್ಟು ಹೀರುತ್ತಿತ್ತು. ಗೆದ್ದಲು ಇದರ ಪ್ರಿಯವಾದ ಆಹಾರ. ಇದಕ್ಕಾಗಿಯೇ ಇದರ ಮೇಲುದವಡೆಯ ನಡುವಿನ ಎರಡು ಹಲ್ಲುಗಳು ಇರುವುದಿಲ್ಲ; ಆ ಸಂದಿಯೇ ಕೊಳವೆಯಂತೆ ಕೆಲಸ ಮಾಡುತ್ತದೆ. ಹೀರುವ ಸದ್ದು ಬಸ್ಸಿನೊಳಗಿದ್ದ ನಮಗೂ ಕೇಳಿಸಿತು. ಉತ್ತರದ ಕಡೆಯ ವಾಚಕರು ಇದೇ ಕರಡಿಯನ್ನು ಅದರ ಸ್ವಂತ ಮನೆಯಲ್ಲಿ ನೋಡಬಯಸಿದರೆ ಹಂಪೆಯ ಬಳಿಯ ದರೋಜಿಗೆ ಹೋಗಬಹುದು. 1994ರಲ್ಲಿ ಕರಡಿಗಳಿಗಾಗಿಯೇ ಮೀಸಲಾದ ಧಾಮ ಅದು.

ಚಿಟ್ಟೆಗಳ ಉದ್ಯಾನಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. 2006ರಲ್ಲಿ ತೆರೆದ ಇದು ದೇಶದ ಮೊತ್ತಮೊದಲ ಚಿಟ್ಟೆ ಉದ್ಯಾನ. ಬೆಳಕು ಹಾಯುವ ಛಾವಣಿಯ ದುಂಡನೆಯ ಆವರಣದಲ್ಲಿ ಸಣ್ಣ ಜಲಪಾತ, ಹೂಗಿಡಗಳು, ತೇವವಾದ ಗಾಳಿ. ಬಂದವರಲ್ಲಿ ಬಹುಮಂದಿ ಎರಡು ಸುತ್ತು ಹಾಕಿ ಹೊರಡುತ್ತಾರೆ. ಅದು ಸರಿಯಲ್ಲ. ಅಲ್ಲಿ ಹೂವಿನ ಗಿಡಗಳಿಗಿಂತ ಎಲೆಯ ಗಿಡಗಳನ್ನು ನೋಡಬೇಕು. ಚಿಟ್ಟೆ ಮಕರಂದವನ್ನು ಯಾವ ಹೂವಿನಿಂದಲಾದರೂ ಕುಡಿದೀತು. ಮೊಟ್ಟೆಯಿಡುವಾಗ ಮಾತ್ರ ತನ್ನ ಕುಲಕ್ಕೆ ಒಗ್ಗಿದ ಗಿಡವನ್ನೇ ಹುಡುಕುತ್ತದೆ, ಹುಟ್ಟಿದ ಹುಳು ಆ ಎಲೆಯನ್ನಲ್ಲದೆ ಬೇರೆಯದನ್ನು ಮುಟ್ಟದು. ಎಕ್ಕದ ಎಲೆ ಒಂದು ಚಿಟ್ಟೆಗೆ, ಕರಿಬೇವು ಇನ್ನೊಂದಕ್ಕೆ, ಈಶ್ವರಿ ಬಳ್ಳಿ ಮತ್ತೊಂದಕ್ಕೆ. ನಮ್ಮ ರಾಜ್ಯದ ಚಿಟ್ಟೆಯೆಂದು ಗೌರವ ಪಡೆದಿರುವ ಸದರ್ನ್ ಬರ್ಡ್‌ವಿಂಗ್, ಕಪ್ಪು ಹಳದಿ ಬಣ್ಣದ ಆ ದೊಡ್ಡ ಚಿಟ್ಟೆ, ಬೆಳೆಯುವುದು ಈಶ್ವರಿ ಬಳ್ಳಿಯ ಬಳಗದ ಮೇಲೆಯೇ. ನಮ್ಮ ಬಿಲ್ವದ ಮರವೂ ಎರಡು ಮೂರು ಬಗೆಯ ಚಿಟ್ಟೆಗಳಿಗೆ ತೊಟ್ಟಿಲು. ಪೂಜೆಗಾಗಿ ಬಿಲ್ವಪತ್ರೆ ಕೊಯ್ಯುವಾಗ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು ಬಿಳಿ ಹುಳುವೋ ದಪ್ಪನೆಯ ಹಸಿರು ಹುಳುವೋ ಕಂಡರೆ ಅಸಹ್ಯಪಟ್ಟು ಕೊಡವಿ ತುಳಿಯುವವರುಂಟು. ಮೂರು ವಾರಗಳಲ್ಲಿ ಅದೇ ನಿಂಬೆ ಚಿಟ್ಟೆಯಾಗಿ ಹಾರುತ್ತದೆ. ಮನೆಯ ಹಿತ್ತಲಲ್ಲಿ ಬಿಲ್ವವಿರುವವರು ಆ ಕೊಂಬೆಯೊಂದನ್ನು ಬಿಟ್ಟು ಪಕ್ಕದ ಕೊಂಬೆಯಿಂದ ಪತ್ರೆ ತೆಗೆದರೆ ಪೂಜೆಗೇನೂ ಕೊರತೆಯಾಗದು.

ಮೃಗಾಲಯದ ಉಳಿದ ಭಾಗವನ್ನು ನಡೆದೇ ನೋಡಬಹುದು. ನಡೆಯಲಾಗದ ಹಿರಿಯರಿಗೆ ಬ್ಯಾಟರಿಯಿಂದ ಓಡುವ ಗಾಡಿಗಳಿವೆ. ಜಿರಾಫೆ, ಜೀಬ್ರಾ, ನೀರುಕುದುರೆ, ಮೊಸಳೆ, ಹಾವುಗಳು, ಬಣ್ಣದ ಹಕ್ಕಿಗಳು. ಇವುಗಳ ವರ್ಣನೆ ಬೇಡ. ಒಂದು ಮಾತು ಮಾತ್ರ ಹೇಳಬೇಕು. ಇಂಥ ಕಡೆ ಪ್ರಾಣಿಗಳನ್ನು ಕಾಪಾಡುವುದು ನಾವು ತಿಳಿದಷ್ಟು ಸುಲಭವಲ್ಲ. 2023ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಬೆಕ್ಕುಗಳಿಗೆ ತಗಲುವ ವೈರಾಣು ರೋಗವೊಂದು ಹಬ್ಬಿ 7 ಚಿರತೆ ಮರಿಗಳು ಸತ್ತವು. ಲಸಿಕೆ ಹಾಕಿದ್ದರೂ ಉಳಿಯಲಿಲ್ಲ. ಆ ಮರಿಗಳಿಗೆ ಬಾಟಲಿಯಲ್ಲಿ ಹಾಲುಣಿಸಿ ಸಾಕುವ ಸೇವಕರ ದುಃಖ ಎಂಥದಿರಬಹುದು! ನಾವು ಬಿಸಾಡುವ ತಿಂಡಿಯ ಪೊಟ್ಟಣ, ಕಂಬಿಯ ಬಳಿ ಕಿರುಚುವ ಕೂಗು ಇವೂ ಅವರ ಶ್ರಮವನ್ನು ಹೆಚ್ಚಿಸುತ್ತವೆ.

ಇನ್ನು ಈ ಲೇಖನದ ಮುಖ್ಯ ಭಾಗ. ಇದು ಕೆಲವರಿಗೆ ರುಚಿಸದೆ ಹೋಗಬಹುದು.

ಉದ್ಯಾನದ ನಡುವೆ ಸುವರ್ಣಮುಖಿ ಎಂಬ ತೊರೆ ಹರಿಯುತ್ತದೆ. ಪ್ರಾಣಿಗಳ ದಾಹ ತೀರಿಸುವ ಮುಖ್ಯ ಜಲವೇ ಅದು. ಅದರಾಚೆಗಿನ ಕಾಡು ದಕ್ಷಿಣಕ್ಕೆ ಕಾವೇರಿ ವನ್ಯಧಾಮದವರೆಗೂ, ಪೂರ್ವಕ್ಕೆ ಹೊಸೂರಿನ ಅರಣ್ಯಗಳವರೆಗೂ ಕೊಂಡಿಯಂತೆ ಸೇರಿಕೊಂಡಿದೆ. ಆನೆಗಳು ತಲೆಮಾರುಗಳಿಂದ ಈ ದಾರಿಯಲ್ಲೇ ನಡೆದಿವೆ. ಕೆಲವೆಡೆ, ಉದಾಹರಣೆಗೆ ಕರಡಿಕಲ್ ಮತ್ತು ಮಹದೇಶ್ವರ ಕಾಡುಗಳ ನಡುವೆ, ಆ ದಾರಿ ಬಹಳ ಕಿರಿದಾಗಿದೆ. ರಾಗಿಹಳ್ಳಿಯಂಥ ಕಾಡಂಚಿನ ಊರುಗಳಲ್ಲಿ ನವೆಂಬರಿನಿಂದ ಜನವರಿಯವರೆಗೆ ರಾಗಿ ತೆನೆ ಮಾಗುವಾಗ ಆನೆಗಳು ಹೊಲಕ್ಕಿಳಿಯುತ್ತವೆ. ರೈತರು ಅಟ್ಟಣೆಯ ಮೇಲೆ ರಾತ್ರಿಯಿಡೀ ಎಚ್ಚರವಾಗಿರುತ್ತಾರೆ. ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಹೋದರೆ ಅವನ ಸಿಟ್ಟು ಸಹಜವೇ.

ಕಾಡಿಗೂ ನಗರಕ್ಕೂ ನಡುವೆ ಒಂದು ಸೂಕ್ಷ್ಮ ಪ್ರದೇಶವನ್ನು ಬಿಟ್ಟುಕೊಂಡು, ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಕಟ್ಟಡಗಳಿಗೆ ಹಿಡಿತ ಹಾಕಬೇಕೆಂಬುದು ಕಾನೂನು. 2016ರ ಕರಡಿನಲ್ಲಿ ಈ ಪ್ರದೇಶ 268.96 ಚದರ ಕಿಲೋಮೀಟರ್ ಇತ್ತು. 2020ರ ಮಾರ್ಚ್ ತಿಂಗಳ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ಕೂಡಿಸಿ ಕಳೆದು ನೋಡಿದರೆ 100 ಚದರ ಕಿಲೋಮೀಟರಿಗೂ ಹೆಚ್ಚು ನೆಲ ರಕ್ಷಣೆಯಿಂದ ಹೊರಗುಳಿಯಿತು. ಆ ನೆಲ ಏನಾಗುತ್ತದೆ? ಬನ್ನೇರುಘಟ್ಟ ರಸ್ತೆಯಲ್ಲಿ ಹೋಗುವಾಗ ಇಕ್ಕೆಲಗಳ ಫಲಕಗಳನ್ನು ಓದಿದರೆ ಉತ್ತರ ಸಿಗುತ್ತದೆ. ಕಾಡಿನ ನೋಟ, ಶುದ್ಧ ಗಾಳಿ, ನಿವೇಶನ ಮಾರಾಟಕ್ಕಿದೆ. ಕೊಳ್ಳುವವರು ಯಾರೋ ಪರಕೀಯರಲ್ಲ. ನಾವೇ. ನಾನು ತಂಗಿದ್ದ ಮನೆಯಲ್ಲಿಯೂ ಊಟದ ಹೊತ್ತಿನಲ್ಲಿ ಅಂಥ ಒಂದು ನಿವೇಶನದ ಮಾತು ಬಂತು. ಹಿರಿಯ ಮಗ ನಕ್ಷೆ ತಂದು ತೋರಿಸಿದ. ಬೇಲಿಯ ಪಕ್ಕದಲ್ಲೇ ಕಾಡು, ಎಂದ. ಮೊದಲ ಸಾಲಿನವರು ಕೊಂಡರೆ ಎರಡನೆಯ ಸಾಲು ಮುಂದಕ್ಕೆ ಬರುತ್ತದೆ, ಕಾಡು ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ ಎಂದು ನಾನು ಹೇಳಿದೆ. ಒಂದು ಕುಟುಂಬ ಉಳಿತಾಯದ ಹಣದಿಂದ ನಾಲ್ಕು ಗೋಡೆ ಕಟ್ಟಿಕೊಳ್ಳುವುದನ್ನು ತಪ್ಪೆನ್ನುವ ಅಧಿಕಾರ ಸಂಸಾರವಿಲ್ಲದ ನನ್ನಂಥವನಿಗಿಲ್ಲ. ಆದರೆ ಕಾಡಂಚಿನ ಭೂಮಿಯ ದಾಖಲೆಗಳನ್ನು ನೋಡುವಾಗ ಕ್ರಯಪತ್ರ, ಪಹಣಿಗಳ ಜೊತೆಗೆ ಆ ಸರ್ವೆ ನಂಬರು ಸೂಕ್ಷ್ಮ ಪ್ರದೇಶದೊಳಗೆ ಬರುತ್ತದೆಯೇ, ಆನೆಗಳ ಹಾದಿಯಲ್ಲಿದೆಯೇ ಎಂದು ಕೇಳಿ ನೋಡುವುದರಲ್ಲಿ ನಷ್ಟವೇನೂ ಇಲ್ಲ. ಮಗ ನಕ್ಷೆಯನ್ನು ಮಡಚಿಟ್ಟ. ಕೊಂಡರೋ ಬಿಟ್ಟರೋ ನಾನು ವಿಚಾರಿಸಿಲ್ಲ.

ಜೈವಿಕ ಉದ್ಯಾನದ ಸಾಕಾನೆಗಳ ಬದುಕಿನಲ್ಲಿ ಈ ಎರಡು ಲೋಕಗಳು ಸೇರುತ್ತವೆ. ಹಗಲು ಮಾವುತರ ಕೈಕೆಳಗಿದ್ದು, ಸ್ನಾನ ಮಾಡಿಸಿಕೊಂಡು ಜನರಿಗೆ ದರ್ಶನ ನೀಡುವ ಇವುಗಳನ್ನು ಸಂಜೆ ಮೇವಿಗಾಗಿ ಕಾಡಿಗೆ ಬಿಡುವ ಪದ್ಧತಿಯಿದೆ. ಅಲ್ಲಿ ಕಾಡಿನ ಸಲಗಗಳು ಬಂದು ಕೂಡುತ್ತವೆ. ಉದ್ಯಾನದಲ್ಲಿ ಹುಟ್ಟಿದ ಮರಿಗಳಲ್ಲಿ ಹಲವಕ್ಕೆ ತಂದೆ ಕಾಡಾನೆ. ತಾಯಿಯ ಕಾಲುಗಳ ನಡುವೆ ನಿಂತು ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದೆ ಸುತ್ತಿಸುತ್ತಿದ್ದ ಒಂದು ಮರಿಯನ್ನು ಬಿಟ್ಟು ಬರಲು ನಮ್ಮ ಮಕ್ಕಳಿಗೆ ಮನಸ್ಸಾಗಲಿಲ್ಲ. ರಾಟವಾಳ ಕೇಳಿದ್ದ ಬಾಲಕನನ್ನು ಎಳೆದೇ ತರಬೇಕಾಯಿತು.

ಹೋಗಬಯಸುವವರಿಗೆ ಕೆಲವು ಸೂಚನೆಗಳು. ಮಂಗಳವಾರ ಉದ್ಯಾನಕ್ಕೆ ವಾರದ ರಜೆ. ಕೆಂಪೇಗೌಡ ಬಸ್ ನಿಲ್ದಾಣದಿಂದ 365 ಸಂಖ್ಯೆಯ ಬಸ್ಸುಗಳು ಬನ್ನೇರುಘಟ್ಟ ರಸ್ತೆಯಲ್ಲೇ ಬರುತ್ತವೆ, ಜಯನಗರ, ಜೆ.ಪಿ. ನಗರದವರು ದಾರಿಯಲ್ಲಿಯೇ ಹತ್ತಿಕೊಳ್ಳಬಹುದು. ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ವಿಪರೀತ ನೂಕುನುಗ್ಗಲು, ಆದ್ದರಿಂದ ವಾರದ ನಡುವೆ, ಬೆಳಿಗ್ಗೆಯೇ ಹೋಗುವುದು ಲೇಸು; ಬಿಸಿಲೇರಿದ ಮೇಲೆ ಪ್ರಾಣಿಗಳು ನೆರಳು ಸೇರುತ್ತವೆ. ಬುತ್ತಿ ಕಟ್ಟಿಕೊಂಡು ಹೋಗುವವರು ಪ್ಲಾಸ್ಟಿಕ್ಕನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆಯೂ ಇದೆ. ಆನೆ, ಹುಲಿಗಳ ವರ್ಷದ ಖರ್ಚು ಹೆಚ್ಚು. ಸಣ್ಣ ಹಕ್ಕಿಗಳದ್ದು ಸಾಮಾನ್ಯ ಕುಟುಂಬದ ಕೈಗೆಟಕುವಷ್ಟೇ. ನಮ್ಮ ಜಯನಗರದ ಮನೆಯ ಮಕ್ಕಳು ಈ ಸಲ ಹುಟ್ಟುಹಬ್ಬದ ಕೇಕು ಬೇಡವೆಂದು, ಗಿಳಿಗೋ ಆಮೆಗೋ ಎಂದು ಇನ್ನೂ ಜಗಳವಾಡುತ್ತಿದ್ದಾರೆ.